ದೊಡ್ಡ ಚಕ್ರದಲ್ಲಿ ಒಬ್ಬರು ಕಡಿಮೆ

ಆ ಗುರುವಾರದ ಪುಟದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷದ ಎದುರಿಗೆ ‘ಇಪ್ಪತ್ತೆರಡು’ ಎಂದು ಬರೆದಿದ್ದೇನೆ. ಆಮೇಲೆ ಅದನ್ನು ಹೊಡೆದುಹಾಕಿ ‘ಇಪ್ಪತ್ತೊಂದು’ ಎಂದು ತಿದ್ದಿದ್ದೇನೆ. ಪಿಯುಸಿಯಿಂದಲೂ ದಿನಚರಿ ಬರೆಯುತ್ತಿದ್ದೇನೆ. ಅಂಕಿ ತಿದ್ದಿದ ಪುಟಗಳು ಅದರಲ್ಲಿ ಹೆಚ್ಚಿಲ್ಲ.

ನ್ಯಾಮತಿಯಲ್ಲಿ ನಮ್ಮದು ಗೊಬ್ಬರ, ಬೀಜ, ಔಷಧಿಯ ಅಂಗಡಿ. ವರ್ಷಕ್ಕೆ ಇಷ್ಟು ಮಾಲು ಎಂದು ಕಂಪನಿಯವರು ಗುರಿ ಕೊಡುತ್ತಾರೆ. ಗುರಿ ಮುಟ್ಟಿದ ಅಂಗಡಿಯವರನ್ನು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರುತ್ತಾರೆ. ಈ ಸಲ ಸಿಂಗಪುರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಿಂದ ಹನ್ನೊಂದು ಅಂಗಡಿಗಳು. ಒಂದು ಅಂಗಡಿಗೆ ಇಬ್ಬರು. ಬಸ್ಸು ಹತ್ತಿದರೇ ತಲೆ ಹಿಡಿದುಕೊಂಡು ಕೂರುವ ನಮ್ಮಮ್ಮ ವಿಮಾನದ ಮಾತೇ ಬೇಡ ಎಂದುಬಿಟ್ಟಳು. ಅಪ್ಪನ ಜೊತೆ ನಾನು ಹೊರಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಯಲ್ಲಿ ಪುಸ್ತಕ, ಪೆನ್ನು ಕಂಡ ಕಂಪನಿಯ ಮ್ಯಾನೇಜರು, “ಮೇಡಂ, ತಲೆ ಎಣಿಸೋ ಕೆಲಸ ನಿಮ್ದು” ಎಂದರು. ಅವರು ತಮಾಷೆಗೆ ಹೇಳಿರಬೇಕು. ನಾನು ಪುಟಕ್ಕೆ ಗೆರೆ ಎಳೆದು ದಿನಾಂಕ, ಸಮಯ, ಜಾಗ, ಎಷ್ಟು ಜನ ಎಂದು ನಾಲ್ಕು ಕಾಲಂ ಮಾಡಿಕೊಂಡೆ. ಬಸ್ಸು ಹತ್ತುವಾಗ, ಇಳಿಯುವಾಗ, ಊಟಕ್ಕೆ ಕೂತಾಗ, ಎದ್ದಾಗ ಎಣಿಸುತ್ತಿದ್ದೆ. ಮೂರು ದಿನದಲ್ಲಿ ಮೂವತ್ತೊಂದು ಸಲ ಎಣಿಸಿದ್ದೇನೆ. ಮೂವತ್ತೊಂದು ಸಲವೂ ಇಪ್ಪತ್ತೆರಡು.

ಎಣಿಸುವುದನ್ನು ನಾನು ಕಲಿತದ್ದು ನಮ್ಮ ಗೋಡೌನಿನ ಬಾಗಿಲಲ್ಲಿ. ಲಾರಿಯಿಂದ ಹಮಾಲರು ಮೂಟೆ ಹೊತ್ತು ಒಳಗೆ ಹೋಗುತ್ತಾರೆ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಬೇಕು. ಮೂಟೆ ಲಾರಿಯಿಂದ ಇಳಿದಾಗ ಗೀಟು ಹಾಕುವಂತಿಲ್ಲ, ಒಳಗೆ ಹೋಗಿ ಹೆಗಲಿನಿಂದ ನೆಲಕ್ಕೆ ಬಿದ್ದ ಮೇಲೆಯೇ ಹಾಕಬೇಕು. ನಡುವೆ ಮೂಟೆ ಹರಿಯಬಹುದು, ಹಮಾಲ ಅದನ್ನು ಹೊರಗೇ ಒರಗಿಸಿ ಬೀಡಿ ಹಚ್ಚಬಹುದು. ಅಪ್ಪ ಇದೊಂದನ್ನು ಬೈದು ಬೈದು ಕಲಿಸಿದ್ದಾರೆ.

ಗುಂಪಿನಲ್ಲಿ ಜಗಳೂರು ತಾಲ್ಲೂಕಿನ ಸೊಕ್ಕೆಯ ಅಂಗಡಿಯವರೂ ಇದ್ದರು, ಗಂಡ ಹೆಂಡತಿ. ಯಜಮಾನರದ್ದು ದೊಡ್ಡ ದನಿ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಇಬ್ಬರ ಪಾಸ್‌ಪೋರ್ಟು, ಇಬ್ಬರ ಫೋನು, ಇಬ್ಬರ ಮಾತ್ರೆ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಅರವತ್ತರ ಹತ್ತಿರದವರು, ಹಸಿರು ಇಳಕಲ್ ಸೀರೆ, ಕೈ ಬೀಸಿಕೊಂಡು ನಡೆಯುತ್ತಿದ್ದರು. ಹೊಳೆಯುವ ನೆಲ ಕಂಡಲ್ಲೆಲ್ಲ ಚಪ್ಪಲಿ ಬಿಡುವುದು ಅವರ ಅಭ್ಯಾಸ. ಹೋಟೆಲಿನ ಊಟದ ಮನೆಯ ಬಾಗಿಲಲ್ಲಿ ಬಿಟ್ಟರು, ಬಸ್ಸಿನ ಮೆಟ್ಟಿಲಲ್ಲಿ ಬಿಟ್ಟರು, ಒಂದು ಸಲ ಲಿಫ್ಟಿನ ಹೊರಗೂ ಬಿಟ್ಟರು. ಮೂರು ದಿನಕ್ಕೆ ಏಳು ಜಾಗ, ಅದನ್ನೂ ಬರೆದುಕೊಂಡಿದ್ದೇನೆ. ಲಿಫ್ಟಿನ ಹತ್ತಿರ ನಾವೆಲ್ಲ ನಕ್ಕಾಗ ಅವರು, “ನಗ್ರಿ, ನಗ್ರಿ. ಅಷ್ಟು ಚಂದಾಗಿ ಒರೆಸ್ಯಾರೆ, ಅದ್ರ ಮ್ಯಾಲೆ ಚಪ್ಪಲಿ ಕಾಲಾಗೆ ಹೋದ್ರೆ ಒರೆಸಿದೋರ ಹೊಟ್ಟೆ ಉರಿಯಲ್ವಾ?” ಎಂದರು.

ನಾಲ್ಕನೆಯ ದಿನ ದೊಡ್ಡ ಚಕ್ರ.

ಬಸ್ಸಿನ ಕಿಟಕಿಯಿಂದ ಅದು ಎರಡು ಮೂರು ಸಲ ಕಟ್ಟಡಗಳ ಸಂದಿಯಲ್ಲಿ ಕಂಡು ಮರೆಯಾಯಿತು. ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹತ್ತಿರ ಹೋದ ಮೇಲೆ ನೋಡಿದರೆ ಸುತ್ತಲೂ ತೂಗಿಬಿಟ್ಟದ್ದು ಜಾತ್ರೆಯ ಚಕ್ರದಂತೆ ತೊಟ್ಟಿಲುಗಳಲ್ಲ, ಗಾಜಿನ ಕೋಣೆಗಳು. ಒಂದೊಂದರಲ್ಲೂ ನಮ್ಮ ಗುಂಪು ಪೂರ್ತಿ ಹಿಡಿಸುತ್ತದೆ. ಮ್ಯಾನೇಜರು ಟಿಕೆಟ್ಟು ಕೊಟ್ಟು, “ಚಕ್ರ ನಿಲ್ಲಂಗಿಲ್ಲ. ನಿಧಾನಕ್ಕೆ ಹೋಗ್ತಾನೇ ಇರುತ್ತೆ, ಹಂಗೇ ಒಳಗೆ ಕಾಲಿಡ್ಬೇಕು. ಒಂದು ಸುತ್ತಿಗೆ ಅರ್ಧ ಗಂಟೆ. ನಾನು ಊಟದ ವ್ಯವಸ್ಥೆ ನೋಡಿ ಬರ್ತೀನಿ” ಎಂದು ಬಸ್ಸಿನ ಕಡೆ ಹೋದರು.

ಚನ್ನಗಿರಿಯ ನಲ್ಲೂರಿನ ಅಂಗಡಿಯವರೊಬ್ಬರು ನಮ್ಮ ಗುಂಪಿನ ಮಾತುಗಾರರು. ಕತ್ತೆತ್ತಿ ನೋಡಿ, “ಇದು ತಿರುಗ್ತೈತೋ, ನಮ್ ತಾಲ್ಲೂಕಾಫೀಸಿನ ಫೈಲಿನಂಗೆ ನಿಂತೈತೋ?” ಎಂದರು. ನಗುತ್ತಲೇ ಸಾಲು ಮುಂದೆ ಸಾಗಿತು.

ಟಿಕೆಟ್ಟು ತೋರಿಸುವ ಕಡೆ ಒಂದು ಚಿಕ್ಕ ಗೇಟು. ಒಬ್ಬೊಬ್ಬರೇ ದಾಟಬೇಕು. ಎಣಿಸಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದಿಲ್ಲ ಎನ್ನಿಸಿತು. ಅಲ್ಲಿಯೇ ನಿಂತು ಗೀಟು ಹಾಕಿದೆ. ನನ್ನದೂ ಸೇರಿ ನಾಲ್ಕು ಐದು, ಮೇಲೆ ಎರಡು. ಇಪ್ಪತ್ತೆರಡು ಎಂದು ಬರೆದು ಪುಸ್ತಕ ಮುಚ್ಚಿ ನಾನೂ ದಾಟಿದೆ. ಆಮೇಲೆ ಹತ್ತುವ ಕಟ್ಟೆ, ನೂಕು, ಗಾಜಿನ ಬಾಗಿಲು, ಒಳಗೆ ತಣ್ಣಗಿನ ಗಾಳಿ. ಬಾಗಿಲು ಮುಚ್ಚಿಕೊಂಡಿತು.

ಎಲ್ಲರೂ ಗಾಜಿಗೆ ಒತ್ತಿ ನಿಂತು ಫೋಟೋ ತೆಗೆಯಲು ಶುರು ಮಾಡಿದರು. ನನಗೆ ಸುಮ್ಮನೆ ಇರಲಾಗಲಿಲ್ಲ, ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂದು. ನನ್ನನ್ನು ಬಿಟ್ಟೆನೇನೋ ಎಂದು ಮತ್ತೆ ಎಣಿಸಿದೆ. ನನ್ನನ್ನೂ ಸೇರಿಸಿ ಇಪ್ಪತ್ತೊಂದು. ಹಸಿರು ಸೀರೆ ಎಲ್ಲಿಯೂ ಇರಲಿಲ್ಲ.

“ಸೊಕ್ಕೆ ಅಮ್ಮಾರು ಎಲ್ಲಿ?” ಎಂದು ಕೇಳಿದೆ.

ಯಜಮಾನರು ಫೋಟೋಕ್ಕೆ ನಿಂತಿದ್ದವರು ತಿರುಗಲಿಲ್ಲ. “ಹೆಣ್ಮಕ್ಕಳ ಜೊತೆಗೆ ಇರ್ತಾಳೆ ನೋಡು ತಂಗಿ.”

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನಾಳಿಯ ಒಬ್ಬ ಅಕ್ಕ, “ಅಯ್ಯೋ, ನನ್ ಹಿಂದೇನೇ ಇದ್ರು ಕಣ್ರಿ. ಬಾಗ್ಲಾಗೆ ಚಪ್ಪಲಿ ಬಿಟ್ರು. ಬಿಡಬ್ಯಾಡ್ರಿ, ಇದು ಹೊಂಟೋಗ್ತೈತೆ ಅಂದೆ. ತಗಂಬರಾಕೆ ಬಗ್ಗಿದ್ರು, ಹತ್ತಿದ್ರು ಅಂದ್ಕಂಡೆ” ಎಂದರು.

ನಾವು ಆಗಲೇ ಮೂರು ಮಹಡಿಯಷ್ಟು ಎತ್ತರದಲ್ಲಿದ್ದೆವು. ಕೆಳಗೆ ಹತ್ತುವ ಕಟ್ಟೆಯ ಮೇಲಿನ ಸೂರು ಮಾತ್ರ ಕಾಣುತ್ತಿತ್ತು.

ಯಜಮಾನರ ದನಿ ಒಮ್ಮೆಗೇ ಇಳಿಯಿತು. ಸೊಂಟದ ಚೀಲದ ಜಿಪ್ಪು ತೆಗೆದರು, ಹಾಕಿದರು. “ಎಲ್ಲಾ ಇದ್ರಾಗೇ ಐತಲ್ಲ. ಪಾಸ್‌ಪೋರ್ಟು, ಫೋನು… ಅವಳ ಹತ್ರ ಏನೂ ಇಲ್ಲ. ಹೋಟ್ಲ ಹೆಸರೂ ಗೊತ್ತಿಲ್ಲ ಅವಳಿಗೆ.” ಬಾಗಿಲ ಹತ್ತಿರ ಹೋಗಿ ಅಂಗೈಯಿಂದ ತಟ್ಟಿದರು. ಅದು ತೆರೆದರೂ ಮಾಡುವುದಕ್ಕೆ ಏನೂ ಇರಲಿಲ್ಲ. ಎದುರಿಗೆ ಬರೀ ಗಾಳಿ.

“ಎಲ್ಲಿಗ್ ಹೋಗ್ತಾರ್ರೀ, ಅಲ್ಲೇ ಕುಂತಿರ್ತಾರೆ” ಎಂದರು ನಲ್ಲೂರಿನವರು.

“ಅವಳು ಕುಂದ್ರೋ ಪೈಕಿ ಅಲ್ರೀ. ನಮ್ಮನ್ನ ಹುಡ್ಕಂಡು ಹೊಂಟ್‌ಬಿಡ್ತಾಳೆ!”

ನನಗೆ ಅದೇ ಭಯ. ಸಿಗ್ನಲ್ ಮುಂದೆ ನಿಂತಿರುವ ಅಮ್ಮ, ಅಗಲದ ರಸ್ತೆ, ಯಾರನ್ನೋ ಕನ್ನಡದಲ್ಲಿ ಕೇಳುತ್ತಿರುವ ಅಮ್ಮ, ಹೀಗೆ ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ಗಡಿಯಾರ ನೋಡಿದೆ. ನಾಲ್ಕು ನಿಮಿಷ ಆಗಿತ್ತು. ಮ್ಯಾನೇಜರಿಗೆ ಫೋನು ಮಾಡೋಣವೆಂದರೆ ನಮ್ಮ ಯಾರ ಫೋನೂ ಹೋಟೆಲಿನ ವೈಫೈ ದಾಟಿ ಆಚೆಗೆ ಕೆಲಸ ಮಾಡುತ್ತಿರಲಿಲ್ಲ.

ಬಾಗಿಲ ಪಕ್ಕದಲ್ಲಿ ತುರ್ತಿಗೆಂದು ಒಂದು ಗುಂಡಿ ಇತ್ತು. ಅದರ ಮೇಲೆ ಕೈಯಿಟ್ಟೆ.

“ಏ ತಾಯಿ, ತಡಿ! ಅದನ್ನ ಒತ್ತಿದ್ರೆ ಚಕ್ರನೇ ನಿಂತ್ಕಂಡ್ರೆ? ಎಲ್ರೂ ಇಲ್ಲೇ ನೇತಾಡ್ಬೇಕಾಗುತ್ತೆ” ಎಂದರು ನಲ್ಲೂರಿನವರು. ಈ ಸಲ ಅವರು ತಮಾಷೆ ಮಾಡುತ್ತಿರಲಿಲ್ಲ.

ಅಪ್ಪ, “ಒತ್ತು” ಎಂದರು.

ಒತ್ತಿದೆ. ಸ್ಪೀಕರಿನಲ್ಲಿ ಹೆಣ್ಣಿನ ದನಿಯೊಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಇಂಗ್ಲಿಷ್ ನಾನು ಓದುತ್ತೇನೆ, ಬರೆಯುತ್ತೇನೆ. ಮಾತಾಡುವಾಗ ಪದಗಳು ಸಾಲು ತಪ್ಪುತ್ತವೆ. ಒಬ್ಬ ಹೆಂಗಸು, ವಯಸ್ಸಾದವರು, ಹಸಿರು ಸೀರೆ, ಕೆಳಗೆ ಉಳಿದಿದ್ದಾರೆ ಎಂದು ಹೇಗೋ ಹೇಳಿದೆ. ಆ ದನಿ ವೇಗವಾಗಿ ಎರಡು ವಾಕ್ಯ ಹೇಳಿತು. ‘ಚಿಂತಿಸಬೇಡಿ’ ಎಂಬುದಷ್ಟೇ ತಿಳಿಯಿತು. ಮತ್ತೆ ಸುಮ್ಮನಾಯಿತು.

“ಏನಂದ್ರು?” ಎಲ್ಲರೂ ಒಟ್ಟಿಗೆ ಕೇಳಿದರು.

“ಚಿಂತೆ ಮಾಡಬೇಡಿ ಅಂದ್ರು.”

“ಅವಳು ಸಿಕ್ಕಳಾ?” ಎಂದರು ಯಜಮಾನರು.

“ಅದು ಗೊತ್ತಾಗಲಿಲ್ಲ.”

ಆಮೇಲೆ ಕಳೆದ ಹೊತ್ತಿನಷ್ಟು ಉದ್ದದ ಹೊತ್ತನ್ನು ನಾನು ನೋಡಿಲ್ಲ. ಚಕ್ರ ಏರುತ್ತಿತ್ತು. ಒಂದು ಕಡೆ ಸಮುದ್ರ, ಅದರ ಮೇಲೆ ಎಣಿಸಲಾರದಷ್ಟು ಹಡಗುಗಳು. ಇನ್ನೊಂದು ಕಡೆ ಕಟ್ಟಡಗಳು, ಅವುಗಳ ತಲೆಯ ಮೇಲಿನ ತೋಟಗಳು. ನೋಡಲೆಂದು ಊರಿಂದ ಬಂದದ್ದು ಇದನ್ನೇ, ಆದರೆ ಒಂದರ ಮೇಲೂ ಕಣ್ಣು ನಿಲ್ಲಲಿಲ್ಲ. ಈ ಗಾಜಿನಿಂದ ಆ ಗಾಜಿಗೆ, ಅಲ್ಲಿಂದ ಇಲ್ಲಿಗೆ ನಡೆದೆ. ಯಜಮಾನರೂ ಹಾಗೆಯೇ ನಡೆಯುತ್ತಿದ್ದರು. ನಡುವೆ ಎರಡು ಸಲ ಎದುರುಬದುರಾದೆವು. ಅವರು, “ಚಪ್ಪಲಿ, ಚಪ್ಪಲಿ, ಹಾಳಾದ್ ಚಪ್ಪಲಿ” ಎನ್ನುತ್ತಿದ್ದರು. ಬೇರೆಯವರೂ ತಲೆ ಅಲ್ಲಾಡಿಸಿ, ಹೌದು, ಎಷ್ಟು ಹೇಳಿದರೂ ಬಿಡಲಿಲ್ಲ ನೋಡಿ ಎಂದು ಅದನ್ನೇ ಹೇಳುತ್ತಿದ್ದರು.

ಅಪ್ಪ ನನ್ನ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, “ಗೀಟು ಎಲ್ಲಿ ಹಾಕ್ದೆ?” ಎಂದು ಕೇಳಿದರು.

“ಗೇಟಿನ ಹತ್ರ.”

“ಹತ್ತಿದ ಮ್ಯಾಲೆ ಅಲ್ಲ?”

“ಅಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾಗಿಲ ಬಳಿ ನಿಂತು ಎಣಿಸಿದ್ದರೆ ಇಪ್ಪತ್ತೊಂದಕ್ಕೇ ಕೂಗಬಹುದಿತ್ತು, ಯಾರಾದರೊಬ್ಬರು ಕೆಳಗಿಳಿಯಬಹುದಿತ್ತು. ಚಪ್ಪಲಿ ಬಿಡುವ ಅಮ್ಮ ಎಂದು ಮೂರು ದಿನದಿಂದ ಬರೆದುಕೊಂಡವಳು ನಾನೇ. ಇದನ್ನು ಹೇಳಿಬಿಡಬೇಕು ಎಂದುಕೊಂಡೆ. ಆದರೆ ಎಲ್ಲರೂ ಚಪ್ಪಲಿಯನ್ನೇ ಬೈಯುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ.

ಹದಿನಾಲ್ಕನೆಯ ನಿಮಿಷ. ಚಕ್ರದ ನೆತ್ತಿ ಹತ್ತಿರವಾದಂತೆ, ಅಷ್ಟು ಹೊತ್ತು ನಮ್ಮ ಕಾಲ ಕೆಳಗಿದ್ದ ಹಿಂದಿನ ಕೋಣೆ ಮೆಲ್ಲಗೆ ಮೇಲೆದ್ದು ನಮ್ಮ ಪಕ್ಕಕ್ಕೇ ಬಂದಿತು. ಗಾಜಿನಾಚೆ ಗಾಜು. ಅದರೊಳಗೆ ಟೋಪಿ ಹಾಕಿದ ನಾಲ್ಕೈದು ಜನ ವಿದೇಶದವರು, ಅವರ ನಡುವೆ ಹಸಿರು ಸೀರೆ.

“ಅಲ್ ನೋಡ್ರಿ, ಅಲ್ ನೋಡ್ರಿ!” ಎಂದು ಹೊನ್ನಾಳಿಯ ಅಕ್ಕ ಕೂಗಿದ್ದಕ್ಕೆ ಎಲ್ಲರೂ ಆ ಬದಿಗೆ ನುಗ್ಗಿದರು.

ಅಮ್ಮ ಗಾಜಿಗೆ ಹಣೆ ತಾಗಿಸಿ ನಿಂತಿದ್ದರು. ಒಂದು ಕೈಯಲ್ಲಿ ಎರಡೂ ಚಪ್ಪಲಿ. ನೋಡುತ್ತಿದ್ದದ್ದು ನಮ್ಮನ್ನಲ್ಲ, ಸಮುದ್ರವನ್ನು. ಯಜಮಾನರು ಗಾಜು ಬಡಿದರು, ಎರಡೂ ಕೈ ಎತ್ತಿ ಬೀಸಿದರು, ಕೇಳುವುದಿಲ್ಲವೆಂದು ಗೊತ್ತಿದ್ದರೂ ಕೂಗಿದರು. ಅಮ್ಮ ತಿರುಗಲಿಲ್ಲ. ಕೊನೆಗೆ ಟೋಪಿಯವರಲ್ಲಿ ಒಬ್ಬರು ಅವರ ಭುಜ ಮುಟ್ಟಿ ನಮ್ಮ ಕಡೆ ತೋರಿಸಿದರು. ಅಮ್ಮ ನೋಡಿದರು. ಚಪ್ಪಲಿ ಹಿಡಿದ ಕೈಯನ್ನೇ ಎತ್ತಿ ಒಮ್ಮೆ ಆಡಿಸಿದರು. ಆಮೇಲೆ ಮತ್ತೆ ಸಮುದ್ರದ ಕಡೆ ತಿರುಗಿಬಿಟ್ಟರು.

“ನಿಮಗೆ ಚಪ್ಪಲಿ ತೋರ್ಸಿದ್ರಲ್ರೀ!” ಎಂದರು ನಲ್ಲೂರಿನವರು. ಇಡೀ ಕೋಣೆ ನಕ್ಕಿತು.

ಯಜಮಾನರು ನಗಲಿಲ್ಲ. ಹೆಂಡತಿ ಸಿಕ್ಕ ಮೇಲೆ ಅವರ ದನಿಯೂ ಮೊದಲಿನಂತೆ ಏರಿತು. “ಇಳೀಲಿ ಅವಳು. ಇವತ್ತು ಬಿಡಲ್ಲ. ಇಷ್ಟು ಮಂದಿ ಎದೆ ಒಡೆಸಿದ್ಲು. ನಾಳೆಯಿಂದ ರೂಮು ಬಿಟ್ಟು ಆಚೆಗೆ ಕರ್ಕಂಬರಲ್ಲ.”

ಉಳಿದವರಿಗೆ ಅಲ್ಲಿಂದ ಮುಂದೆ ಸುಖ. ಫೋಟೋ, ನಗು, ಚುರುಮುರಿಯ ಪೊಟ್ಟಣ. ನನಗೆ ಇಳಿಯುವ ಅರ್ಧ ಸುತ್ತು ಏರಿದ ಅರ್ಧಕ್ಕಿಂತ ಕಷ್ಟವಾಯಿತು. ಏರುವಾಗ ಅಮ್ಮ ಎಲ್ಲಿ ಎಂಬ ಒಂದೇ ಚಿಂತೆ. ಈಗ ಅವರು ಸಿಗುತ್ತಾರೆ ಎಂಬುದು ಖಚಿತ, ಬೈಸಿಕೊಳ್ಳುತ್ತಾರೆ ಎಂಬುದೂ ಖಚಿತ, ಅದರಲ್ಲಿ ನನ್ನ ಪಾಲೂ ಇದೆ ಎಂಬುದು ಅಪ್ಪನಿಗೆ ಮಾತ್ರ ಗೊತ್ತು. ಯಜಮಾನರ ಮುಂದೆ ಎರಡು ಸಲ ಹೋಗಿ ನಿಂತೆ. ಎರಡು ಸಲವೂ ನೀರಿನ ಬಾಟಲಿ ಬೇಕಾ ಎಂದು ಕೇಳಿ ವಾಪಸು ಬಂದೆ.

ನಾವು ಇಳಿದು ಕಟ್ಟೆಯ ಮೇಲೆ ಸಾಲಾಗಿ ನಿಂತೆವು. ಹಿಂದಿನ ಕೋಣೆ ನಿಧಾನವಾಗಿ ಬಂದಿತು. ಬಾಗಿಲು ತೆರೆಯಿತು. ಅಮ್ಮ ಮೊದಲು ಚಪ್ಪಲಿಗಳನ್ನು ಕಟ್ಟೆಯ ಮೇಲೆ ಬಿಟ್ಟು, ಅವುಗಳ ಜೊತೆಗೆ ಎರಡು ಹೆಜ್ಜೆ ಓಡಿ, ಕಾಲಿಗೆ ಸಿಕ್ಕಿಸಿಕೊಂಡು ನೇರವಾಗಿ ನಿಂತರು. ಒಬ್ಬ ಕಾವಲಿನವನು ಅವರಿಗೆ ಕೈ ಮುಗಿದ. ಅವರೂ ಮುಗಿದರು.

“ಬುದ್ಧಿ ಐತಾ ನಿಂಗೆ?” ಯಜಮಾನರು ಶುರು ಮಾಡಿಯೇಬಿಟ್ಟರು. “ಊರಾಗೆ ಮಾಡ್ದಂಗೆ ಇಲ್ಲೂ ಮಾಡ್ತೀಯಲ್ಲ. ಕಳೆದೋಗಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು?”

ನಾನು ನಡುವೆ ಹೋಗಿ ನಿಂತೆ. “ಅಣ್ಣಾರೆ, ಅಮ್ಮಾರನ್ನ ಬೈಬೇಡಿ. ತಪ್ಪು ನಂದು. ಒಳಗೆ ಬಂದ ಮೇಲೆ ಎಣಿಸಬೇಕಿತ್ತು. ನಾನು ಗೇಟಲ್ಲೇ ಎಣಿಸಿ ಇಪ್ಪತ್ತೆರಡು ಅಂತ ಬರೆದುಬಿಟ್ಟೆ.” ಬರೆದ ಪುಟವನ್ನೂ ತೆಗೆದು ತೋರಿಸಿದೆ.

ಯಜಮಾನರು ಪುಟ ನೋಡಿದರು, ನನ್ನ ಮುಖ ನೋಡಿದರು. ಬೈಗುಳ ಈಗ ಯಾರ ಮೇಲೆ ಹಾಕಬೇಕೆಂದು ತೋಚದೆ ನಿಂತಂತಿತ್ತು.

ಅಮ್ಮ ಸೆರಗು ಸರಿಮಾಡಿಕೊಂಡರು. “ಪಾಪ, ಆ ಹುಡ್ಗಿ ಇಪ್ಪತ್ತೆರಡು ಮಂದೀನ ಎಣಿಸ್ಬೇಕು. ನೀವು ಎಣಿಸ್ಬೇಕಾಗಿದ್ದು ಒಬ್ಬಳನ್ನ. ಅದೂ ಆಗ್ಲಿಲ್ಲ ನಿಮ್ ಕೈಲಿ.”

ನಲ್ಲೂರಿನವರು ನಗು ತಡೆಯಲು ಕೆಮ್ಮಿದರು. ಅವರ ಹೆಂಡತಿ ತಡೆಯಲಿಲ್ಲ.

ಬಸ್ಸಿನ ಕಡೆ ನಡೆಯುವಾಗ ಅಮ್ಮ ನನ್ನ ತೋಳು ಹಿಡಿದುಕೊಂಡು ಬಂದರು. ಸಿಟ್ಟು ಇಲ್ಲವೇ ಎಂದು ಕೇಳಿದೆ. “ಸಿಟ್ಟಲ್ಲ ತಾಯಿ, ಹೆದ್ರಿಕೆ ಆಯ್ತು. ಬಾಗ್ಲು ಮುಚ್ಚಿದ ಮ್ಯಾಲೆ ನೀವೆಲ್ಲ ನಗ್ತಾ ಮ್ಯಾಲಕ್ಕೆ ಹೊಂಟ್ರಿ. ಆ ಕಾವಲಿನೋನು ಅದೇನೋ ಅಂದ, ಹಿಂದಿನದ್ರಾಗೆ ಕೈ ಹಿಡಿದು ಹತ್ತಿಸ್ದ. ಅದ್ರಾಗೆ ಒಬ್ರ ಮಾತೂ ತಿಳೀಲಿಲ್ಲ. ಹೋಟ್ಲು ಯಾವ್ದು ಅಂತ ಯಾರಾದ್ರು ಕೇಳಿದ್ರೆ ಏನ್ ಹೇಳ್ಲಿ ಅಂತ ಒಂದೇ ಯೋಚ್ನೆ. ಆಮ್ಯಾಲೆ ನೀವು ಕಂಡ್ರಲ್ಲ. ಬಂದಾಗೈತೆ, ನೋಡಾನ ಅಂತ ನೋಡಿದೆ.” ಸ್ವಲ್ಪ ದೂರ ನಡೆದ ಮೇಲೆ, “ಆ ಹೋಟ್ಲ ಹೆಸರು ಕನ್ನಡದಾಗೆ ಬರ್ದು ಕೊಡು” ಎಂದರು.

ಬಸ್ಸಿಗೆ ಒರಗಿ ನಿಂತು ಪುಸ್ತಕದ ಹಿಂದಿನ ಖಾಲಿ ಹಾಳೆಯೊಂದನ್ನು ಹರಿದೆ. ಹೋಟೆಲಿನ ಹೆಸರು, ರಸ್ತೆ, ಮ್ಯಾನೇಜರ ನಂಬರು. ಇಷ್ಟನ್ನೂ ಕನ್ನಡದಲ್ಲಿ ಒಂದು ಸಲ, ಬೇರೆಯವರಿಗೆ ತೋರಿಸಲು ಇಂಗ್ಲಿಷಿನಲ್ಲಿ ಒಂದು ಸಲ. ಅಮ್ಮ ಅದನ್ನು ಎರಡು ಸಲ ಓದಿ ರವಿಕೆಯೊಳಗೆ ಇಟ್ಟುಕೊಂಡರು. ಹೊನ್ನಾಳಿಯ ಅಕ್ಕ ಕೈ ಚಾಚಿ, “ನಂಗೂ ಒಂದು” ಎಂದರು. ನಲ್ಲೂರಿನವರ ಹೆಂಡತಿಯೂ ಬಂದರು. ಊಟಕ್ಕೆ ತಡವಾಗುತ್ತದೆಂದು ಮ್ಯಾನೇಜರು ಗಡಿಯಾರ ತೋರಿಸುತ್ತಿದ್ದರು. ಒಂಬತ್ತು ಚೀಟಿ ಬರೆದು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಸೊಕ್ಕೆಯ ಯಜಮಾನರು ಬಂದು ನಿಂತರು. ಬಸ್ಸಿನ ಮೆಟ್ಟಿಲ ಮೇಲಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ತಂಗಿ, ನಂಗೂ ಒಂದು ಇರ್ಲಿ” ಎಂದರು.