ಕಮಲಾಕ್ಷಮ್ಮನ ಮಗ್ಗಕ್ಕೆ ವೇದಿಕೆಯಲ್ಲಿ ಗುಂಡಿ

ಚಳ್ಳಕೆರೆಯ ಒಂದು ಸಾಂಸ್ಕೃತಿಕ ಸಂಘದಲ್ಲಿ ನಾನು ದಿನಗೂಲಿಯ ಸಂಯೋಜಕ. ಅಂದರೆ ಕುರ್ಚಿ ಹಾಕುತ್ತೇನೆ, ಅತಿಥಿಗಳು ಬರುವವರೆಗೆ ಅದರಲ್ಲಿ ನಾನೇ ಕೂತಿರುತ್ತೇನೆ. ‘ಬಹುತ್ವ’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತೇನೆ. ಅರ್ಥ ಕೇಳಿದವರಿಗೆ ಟೀ ಕುಡಿಸಿ ಕಳಿಸುತ್ತೇನೆ.

ಈ ಸಲ ನಮ್ಮ ಅಧ್ಯಕ್ಷ ಕಲ್ಲೇಶಪ್ಪನವರು ಬಹುಭಾಷಾ ಮೇಳಕ್ಕೆ ಕೈಹಾಕಿದರು. ಕನ್ನಡಕ್ಕೊಂದು ಮೂಲೆ, ತೆಲುಗಿಗೊಂದು, ಉರ್ದುವಿಗೊಂದು, ಲಂಬಾಣಿಗೊಂದು. ನಾವೆಲ್ಲ ಒಂದೇ ಎಂದು ತೋರಿಸಬೇಕಿತ್ತಲ್ಲ, ನಡುನಡುವೆ ಹಗ್ಗ ಕಟ್ಟಿಸಿದರು. ತೆಲುಗು ಮೂಲೆಗೆ ಮಗ್ಗದ ಸಮೇತ ಒಬ್ಬ ಹೆಂಗಸು ಬೇಕೆಂದು ನನ್ನನ್ನು ಮೊಳಕಾಲ್ಮುರಿಗೆ ಅಟ್ಟಿದರು.

ಸಿಕ್ಕವರು ಕಮಲಾಕ್ಷಮ್ಮ. ಲಂಗ ಉಡುವ ವಯಸ್ಸಿಗೇ ಮಗ್ಗಕ್ಕೆ ಕೂತವರು, ಈಗ ಮೊಮ್ಮಗಳನ್ನು ಕಂಡಿದ್ದಾರೆ. ಎಳೆ ಎಣಿಸುವುದು ತೆಲುಗಿನಲ್ಲಿ, ಪಕ್ಕದ ಮನೆಯವರ ಜೊತೆ ಜಗಳ ಕನ್ನಡದಲ್ಲಿ, ರೇಷ್ಮೆ ತರುವ ಭಾಯಿಯ ಹತ್ತಿರ ಚೌಕಾಸಿ ಉರ್ದುವಿನಲ್ಲಿ. ನಿಮ್ಮ ಭಾಷೆ ಯಾವುದಮ್ಮಾ ಎಂದೆ. ಯಾರ ಹತ್ತಿರ ಮಾತಾಡುವಾಗ ಎಂದು ಅವರೇ ತಿರುಗಿ ಕೇಳಿದರು. ನಾನು ‘ತೆಲುಗು’ ಎಂದು ಬರೆದುಕೊಂಡೆ.

ಬರಲು ಅವರದೊಂದು ಷರತ್ತು. ಅವರು ನೇಯ್ದ ಸೀರೆ ಉಟ್ಟು ಎಷ್ಟೋ ಹೆಣ್ಣುಮಕ್ಕಳು ಹಸೆಮಣೆ ಏರಿದ್ದಾರೆ. ಹೊಗಳಿಕೆಯೆಲ್ಲ ಅಂಗಡಿಯವರ ಪಾಲು.

“ಮೈಕಿನಾಗೆ ನನ್ನ ಹೆಸರು ಹೇಳ್ಬೇಕಪ್ಪಾ. ನೇಯ್ದೋಳು ಕಮಲಾಕ್ಷಮ್ಮ ಅಂತ. ಅಷ್ಟಂದ್ರೆ ಸಾಕು.”

ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿದ್ದರೆ ನಾನು ಯಾರಿಗೆ ಬೇಕಾದರೂ ಮಾತು ಕೊಡುತ್ತೇನೆ. ಕೊಟ್ಟೆ. ಹೊರಡುವಾಗ ಅವರ ಯಜಮಾನರು, ಅಲ್ಲೊಂದು ಗುಂಡಿ ತೋಡಿಸಿಡು ಎಂದರು. ಕಸ ಹಾಕುವುದಕ್ಕೆ ಇರಬೇಕೆಂದು ಮೈದಾನದ ಆ ತುದಿಯಲ್ಲಿ ಚೆನ್ನಾಗಿ ಆಳಕ್ಕೇ ತೋಡಿಸಿದೆ.

ಅವರದು ಗುಂಡಿ ಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ಕೆಳಗಿನ ಹಲಗೆಗಳನ್ನು ತುಳಿಯಬೇಕು. ಇದು ನನಗೆ ತಿಳಿದದ್ದು ಮೇಳದ ದಿನ, ಗೂಡ್ಸ್ ಆಟೋದಿಂದ ಮಗ್ಗ ಇಳಿಸಿ ವೇದಿಕೆಗೆ ಏರಿಸಿದ ಮೇಲೆ.

“ಕಾಲು ಎಲ್ಲಿಡ್ಲಿ, ನಿನ್ನ ತಲೆ ಮ್ಯಾಲಾ?” ಎಂದರು ಕಮಲಾಕ್ಷಮ್ಮ.

ಹೆಚ್ಚುಕಡಿಮೆ ಹಾಗೇ ಆಯಿತು. ಬಡಗಿಯನ್ನು ಕರೆಸಿ ವೇದಿಕೆಯ ಹಲಗೆ ಕೊಯ್ಯಿಸಿದೆವು. ತುಳಿಯುವ ಹಲಗೆಗಳ ತುದಿ ಕಟ್ಟಲು ಕೆಳಗೆ ಗೂಟವಿರಲಿಲ್ಲ. ಗೂಟದ ಜಾಗಕ್ಕೆ ನಾನು ಇಳಿದೆ. ಅಷ್ಟರಲ್ಲಿ ಕಮಲಾಕ್ಷಮ್ಮನ ಹೆಸರಿನ ವಿಷಯವನ್ನು ಅಧ್ಯಕ್ಷರ ಕಿವಿಗೆ ಹಾಕಿದ್ದೆ. “ಒಬ್ರ ಹೆಸರು ಹೇಳಿದ್ರೆ ಉಳಿದ ಸಮುದಾಯಕ್ಕೆ ಬೇಜಾರಾಗ್ತೈತೆ ಕಣಲೇ,” ಎಂದಿದ್ದರು. ಕೂಲಿ ಕೊಡುವವರು ಅವರು. ನಾನು ತಲೆಯಾಡಿಸಿದ್ದೆ.

ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಹಲಗೆ ಹಿಡಿದು ಭಾಷಣ ಕೇಳಿದೆ. ನನ್ನ ನೆತ್ತಿಯ ಮೇಲೆಯೇ ನಿಂತು ಕಲ್ಲೇಶಪ್ಪನವರು, ಪ್ರತಿಯೊಬ್ಬರ ಗುರುತನ್ನೂ ಗೌರವಿಸಬೇಕು ಎಂದರು. ವೇದಿಕೆಯ ಗಣ್ಯರ ಹೆಸರುಗಳನ್ನು ಬಿರುದುಗಳ ಸಮೇತ ಓದಿದರು. ಕೊನೆಗೆ, ಈಗ ತೆಲುಗು ಭಾಷಿಕ ನೇಕಾರ ಸಮುದಾಯದ ಪ್ರತಿನಿಧಿಯಿಂದ ಎರಡು ಮಾತು, ದಯವಿಟ್ಟು ಕನ್ನಡ ಬೆರೆಸಬಾರದು ಎಂದು ಮೈಕನ್ನು ಕಮಲಾಕ್ಷಮ್ಮನ ಕೈಗಿತ್ತರು.

ಮಗ್ಗ ನಿಂತಿತು. ಒಂದು ಪಾದ ನನ್ನ ಭುಜವನ್ನು ಹುಡುಕಿ ಒತ್ತಿತು.

“ಏಮಿರಾ ಮಾರುತೇಶ, ನನ್ನ ಹೆಸರು ಎಲ್ಲಿ?”

ಅಧ್ಯಕ್ಷರು ಒಪ್ಪಲಿಲ್ಲ, ನೀವೇ ಹೇಳಿಬಿಡಿ ಎಂದು ಪಿಸುಗುಟ್ಟಿದೆ.

“ನನ್ನ ಹೆಸರು ನಾನೇ ಹೇಳ್ಕೊಂಡ್ರೆ ಏನು ಚೆಂದ? ಮಾತು ಕೊಟ್ಟೋನು ನೀನು. ತಗೋ.”

ಮೈಕು ಗುಂಡಿಯೊಳಗೆ ಇಳಿದು ಬಂತು. ಕೂಲಿ ನೆನಪಾಯಿತು. ಭುಜದ ಮೇಲಿನ ಪಾದ ಇನ್ನಷ್ಟು ಭಾರವಾಯಿತು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಮೈಕು ಹಿಡಿದು ಹೇಳಿಯೇಬಿಟ್ಟೆ: “ಈ ಸೀರೆ ನೇಯುತ್ತಿರುವವರು ಮೊಳಕಾಲ್ಮುರಿನ ಕಮಲಾಕ್ಷಮ್ಮ.”

ಮಗ್ಗವೇ ಮಾತಾಡಿತೆಂದು ಜನ ಬೆಚ್ಚಿದರು, ಆಮೇಲೆ ಚಪ್ಪಾಳೆ. ನಾಲ್ಕೂ ಮೂಲೆಯ ಹೆಂಗಸರು ಹಗ್ಗ ದಾಟಿ ಮಗ್ಗ ಮುತ್ತಿದರು. ಯಾರಿಗೆ ಯಾವ ಭಾಷೆಯೋ ಅದರಲ್ಲೇ ಕಮಲಾಕ್ಷಮ್ಮ ತಮ್ಮ ಅಂಚಿನ ಪ್ರತಾಪ ಹೇಳತೊಡಗಿದರು. ಕಲ್ಲೇಶಪ್ಪನವರ ಮುಖ ತಲೆಕೆಳಗಾಗಿ ಗುಂಡಿಯಲ್ಲಿ ಮೂಡಿತು.

“ಲೇ, ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡ.”

“ಅವನ್ನ ಮಾತಾಡಿಸಬ್ಯಾಡ್ರಿ, ಹಲಗೆ ಅಲ್ಲಾಡ್ತೈತೆ,” ಎಂದು ಮೇಲಿನಿಂದ ಕಮಲಾಕ್ಷಮ್ಮ ಗದರಿ ತುಳಿದರು. ನಾನು ಬಿಗಿಯಾಗಿ ಹಿಡಿದುಕೊಂಡೆ.