ತಿರುವಿನಲ್ಲಿ ಕೇಳಿದ ಹಾರ್ನ್

ನಾವು ಚಿಕ್ಕವರಿದ್ದಾಗ ಕೊಯ್ಲಿನ ತಿಂಗಳುಗಳಲ್ಲಿ ನಾಪೋಕ್ಲಿನ ನಮ್ಮ ಜಗಲಿಯ ತುಂಬ ಕಾಫಿ ಹಣ್ಣಿನ ಹುಳಿ-ಸಿಹಿ ವಾಸನೆ. ಸಂಜೆ ಚೀಲ ಸುರಿದರೆ ಮಕ್ಕಳೆಲ್ಲ ಸುತ್ತ ಕೂತು ಹಣ್ಣು, ಕಾಯಿ ಬೇರೆ ಮಾಡಬೇಕು. ಚೆನ್ನೆಮಣೆ ಆಡುವ ಆತುರಕ್ಕೆ ನಾನು ಅರೆಗೆಂಪು ಕಾಯಿಯನ್ನು ಹಣ್ಣಿನ ರಾಶಿಗೆ ತಳ್ಳಿದರೆ, ಅಜ್ಜಿ ಅದನ್ನು ಹೆಕ್ಕಿ ನನ್ನ ಮಡಿಲಿಗೇ ಹಾಕುತ್ತಿದ್ದಳು.

ನನಗೆ ಎಂಟಾಗಿದ್ದಾಗ ಚಿಕ್ಕಪ್ಪನ ಜೀಪು ಕಕ್ಕಬೆ ರಸ್ತೆಯ ತಿರುವಿನಲ್ಲಿ ಮೀನು ಮಾರುವ ಹಂಸಕಾಕನ ಸೈಕಲ್ಲಿಗೆ ಗುದ್ದಿತು. ಕಾಕನ ಕಾಲು ಮುರಿಯಿತು. ಹಾರ್ನ್ ಹೊಡೆದಿದ್ದೆ ಎಂದು ಚಿಕ್ಕಪ್ಪ, ಇಲ್ಲವೇ ಇಲ್ಲ ಎಂದು ಕಾಕ. ಕೇಸಾಯಿತು. ಜೀಪಿನಲ್ಲಿ ಚಿಕ್ಕಪ್ಪನ ಜೊತೆಗಿದ್ದವಳು ನಾನೊಬ್ಬಳೇ. ಮನೆಗೆ ಬಂದವರಿಗೆಲ್ಲ ಚಿಕ್ಕಪ್ಪ ಕಥೆ ಹೇಳಿ, ಇವಳೂ ಕೇಳಿದ್ದಾಳೆ ಎನ್ನುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ಮುಂದಿನ ಕೊಯ್ಲಿನ ಹೊತ್ತಿಗೆ ಹಾರ್ನ್ ನನಗೆ ನಿಜಕ್ಕೂ ಕೇಳಿಸತೊಡಗಿತ್ತು, ಅದೂ ಎರಡೆರಡು ಸಲ. ಸುಳ್ಳೆಂದು ಒಂದು ದಿನವೂ ಅನ್ನಿಸಲಿಲ್ಲ.

ಮಡಿಕೇರಿ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಬೇಕಿದ್ದ ಹಿಂದಿನ ಸಂಜೆ, ಅಜ್ಜಿ ಹಣ್ಣು ಆರಿಸುತ್ತಲೇ ಕೇಳಿದಳು.

“ಹಾರ್ನ್ ನೀ ಆ ತಿರುವುಲಿ ಕೇಳ್ದಾ, ಇಲ್ಲೆ ಈ ಜಗಲಿಲಿ ಕೇಳ್ದಾ?”

ಕಣ್ಣು ಮುಚ್ಚಿ ಹುಡುಕಿದೆ. ರಸ್ತೆಯಲ್ಲಿ ಚೆಲ್ಲಿದ ಮತ್ತಿ ಮೀನು ಸಿಕ್ಕಿತು, ಕಾಕನ ಕೂಗು ಸಿಕ್ಕಿತು. ಹಾರ್ನ್ ಮಾತ್ರ ಚಿಕ್ಕಪ್ಪನ ಬಾಯಲ್ಲೇ ಇತ್ತು. ಗೊತ್ತಾಗುವುದಿಲ್ಲ ಅಂದೆ.

“ಹಂಗಾರೆ ಹಂಗೇ ಹೇಳ್,” ಅಂದಳು. ಜೀಪು ಓಡಿಸಿದ್ದವನು ಅವಳು ಹೆತ್ತ ಮಗ. ಅಂಥ ಎದೆಗಾರಿಕೆಯನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ.

ಹಾಗೇ ಹೇಳಿದೆ. ಚಿಕ್ಕಪ್ಪನ ಲೈಸೆನ್ಸ್ ಹೋಯಿತು. ಆ ಕೊಯ್ಲು ಮುಗಿಯುವವರೆಗೂ ಅವನು ಅಜ್ಜಿಯೊಡನೆ ಮಾತು ಬಿಟ್ಟ. ಅಜ್ಜಿ ದಿನವೂ ಅವನ ಪಾಲಿನ ಕಡುಬು ಮುಚ್ಚಿಟ್ಟು ಕಾಯುತ್ತಿದ್ದಳು. ಅವನು ಹಾರ್ನ್ ಹೊಡೆದಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಅಜ್ಜಿಗೆ ಮರೆವು. ಕಳೆದ ತಿಂಗಳು ಡಾಕ್ಟರು ನನ್ನನ್ನು ತೋರಿಸಿ, ಇವರು ಯಾರು ಅಜ್ಜಿ ಎಂದು ಕೇಳಿದರು. ತಡೆಯಲಾಗದೆ ನಾನೇ ಮೆಲ್ಲಗೆ ಮೊಮ್ಮಗಳು ಅಂದುಬಿಟ್ಟೆ. ಅಜ್ಜಿ ನನ್ನ ಮುಖವನ್ನು ತುಂಬ ಹೊತ್ತು ನೋಡಿ ಡಾಕ್ಟರ ಕಡೆ ತಿರುಗಿದಳು.

“ಮೊಮ್ಮಗಳ್ ಅಂತ ಇವಳೇ ಹೇಳ್ದು. ನಂಗೆ ಗೊತ್ತಿಲ್ಲೆ.”

ನನ್ನನ್ನೇ ಮರೆತ ಮೇಲೂ ಅವಳ ಹಣ್ಣು-ಕಾಯಿಯ ರಾಶಿ ಕಲಬೆರಕೆಯಾಗಿಲ್ಲ. ಇದೊಂದು ಸಲವಾದರೂ ಆಗಿದ್ದರೆ ಎಂದು, ಅವಳ ಕೈ ಹಿಡಿದು ಕೂತ ನನಗೆ ಅನ್ನಿಸಿತು.