ಹಿತ್ತಲ ಒಲೆ ಒಳಗೆ ಹೋದದ್ದು

ನಾನು ಗಾಳಿಯ ದೂಳನ್ನು ತೂಗುವವನು. ಹಾಗಂತ ಹೇಳಿದರೆ ಬಳ್ಳಾರಿಯ ನನ್ನ ನೆಂಟರು ಇವತ್ತಿಗೂ ನಗುತ್ತಾರೆ. "ದೂಳು ತೂಗಾಕ ಪಗಾರ ಕೊಡ್ತಾರೇನಲೇ? ನಮ್ಮ ಮನಿಗೆ ಬಾ, ಪುಕ್ಕಟೆ ಕೊಡ್ತೀವಿ" ಎಂದು ನನ್ನ ಸೋದರಮಾವ ಒಂದು ಮದುವೆಯ ಪಂಕ್ತಿಯಲ್ಲಿ ಎಲ್ಲರೆದುರು ಕಿಚಾಯಿಸಿದ್ದ. ನಾನು ಅರ್ಧ ಊಟಕ್ಕೇ ಎದ್ದು ಬಂದೆ. ಆಗೆಲ್ಲ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಕೆಲಸಕ್ಕಿಂತ ದೊಡ್ಡದು ಲೋಕದಲ್ಲಿ ಇನ್ನೊಂದಿಲ್ಲ ಎಂದೇ ತಿಳಿದಿದ್ದೆ.

ಕೆಲಸ ನೋಡಲು ಸರಳ. ಮಾಳಿಗೆಯ ಮೇಲೆ ಒಂದು ಪೆಟ್ಟಿಗೆ ಇಡುತ್ತೇವೆ. ಅದರೊಳಗೆ ಪಂಪು, ಪಂಪಿನ ಬಾಯಿಗೆ ಬಿಳಿ ಫಿಲ್ಟರ್ ಹಾಳೆ. ಇಡೀ ದಿನ ಅದು ಗಾಳಿ ಎಳೆದುಕೊಳ್ಳುತ್ತದೆ. ಹಾಳೆಗೆ ಅಂಟಿದ ಕಣಗಳನ್ನು ತೂಗಿ, ಪರೀಕ್ಷೆ ಮಾಡಿ, ಇದು ಅದಿರಿನ ಲಾರಿಯ ದೂಳೋ, ಕಲ್ಲು ಒಡೆಯುವಲ್ಲಿಂದ ಎದ್ದದ್ದೋ, ಗದ್ದೆಯಲ್ಲಿ ಸುಟ್ಟ ಹುಲ್ಲಿನದೋ ಎಂದು ಹೇಳಬೇಕು. ಬಳ್ಳಾರಿಯಲ್ಲಿ ಒಂದು, ಕುರುಗೋಡಿನಲ್ಲಿ ಒಂದು, ಸಿರುಗುಪ್ಪದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೆವು. ಬಳ್ಳಾರಿಯ ಹಾಳೆ ಕೆಂಪಗೆ ಬರುತ್ತಿತ್ತು, ಕುರುಗೋಡಿನದು ಬೂದಿ ಬಣ್ಣ. ಸಿರುಗುಪ್ಪದ್ದು ಮಾತ್ರ ಕಪ್ಪು. ನನಗೆ ಬೇಕಾಗಿದ್ದುದೂ ಅದೇ. ಭತ್ತ ಕೊಯ್ದ ಮೇಲೆ ಸುಡುವ ಹುಲ್ಲಿನ ಪಾಲು ಆ ಗಾಳಿಯಲ್ಲಿ ಎಷ್ಟಿದೆ ಎಂದು ಅಳೆದೇ ತೀರಬೇಕೆಂಬ ಹಟ ನನಗೆ.

ಸಿರುಗುಪ್ಪದ ಪೆಟ್ಟಿಗೆ ಇದ್ದದ್ದು ಅಕ್ಕಿ ಗಿರಣಿಯ ಹಮಾಲರೊಬ್ಬರ ಮನೆಯ ಮೇಲೆ. ಅವರ ಹೆಂಡತಿ ಊರಿನ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೂ ನಮ್ಮ ಕಡೆಯ ರೂಢಿಯಂತೆ ನಾನು ಅಕ್ಕಾರ ಎನ್ನುತ್ತಿದ್ದೆ. ಹಿತ್ತಲಲ್ಲಿ ತಗಡಿನ ನೆರಳು, ಅದರಡಿ ಒಲೆ, ಪಕ್ಕದಲ್ಲಿ ಬಳ್ಳಾರಿ ಜಾಲಿಯ ಕಟ್ಟಿಗೆ ರಾಶಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ರೊಟ್ಟಿ ಬಡಿಯುವ ಸದ್ದು. ಗ್ಯಾಸ್ ಇತ್ತು, ಚಹಾಕ್ಕೆ ಮತ್ತು ಸಾರಿಗೆ. ಗ್ಯಾಸಿನ ಮೇಲೆ ಬೆಂದ ರೊಟ್ಟಿಯನ್ನು ಖಾನಾವಳಿಯವರು ಮುಟ್ಟುತ್ತಿರಲಿಲ್ಲ.

ಮೊದಲ ತಿಂಗಳ ಹಾಳೆಗಳು ಬಂದಾಗ ನನಗೆ ತಲೆ ಕೆಟ್ಟುಹೋಯಿತು. ಹುಲ್ಲಿನ ಹೊಗೆ, ಕಟ್ಟಿಗೆಯ ಹೊಗೆ ಎರಡೂ ಪರೀಕ್ಷೆಯಲ್ಲಿ ಅಣ್ಣತಮ್ಮಂದಿರು. ಗದ್ದೆಯದೆಷ್ಟು, ಈ ಒಲೆಯದೆಷ್ಟು ಎಂದು ಬೇರ್ಪಡಿಸಲು ಆಗಲೇ ಇಲ್ಲ. ಪೆಟ್ಟಿಗೆಯನ್ನು ಬೇರೆ ಮನೆಗೆ ಒಯ್ಯಬಹುದಿತ್ತು. ಮತ್ತೆ ಅನುಮತಿ, ಮತ್ತೆ ವೈರು, ಮತ್ತೆ ಒಂದು ತಿಂಗಳು ಹಾಳು. ಅದರ ಬದಲು ಬಸ್ಸು ಹತ್ತಿ ಹೋಗಿ ಅವರ ಹಿತ್ತಲಲ್ಲಿ ನಿಂತೆ.

"ಅಕ್ಕಾರ, ಈ ಹೊಗಿ ನನ್ನ ಕೆಲಸ ಕೆಡಿಸಾಕತ್ತೈತ್ರಿ. ಒಲಿ ಒಳಗ ಹಚ್ಚಾಕ ಬರಂಗಿಲ್ಲೇನು?"

ಅವರು ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿದರು. "ಒಳಗ ಕಟಗಿ ಇಡೋ ಖೋಲಿ ಐತ್ರಿ ಸಾರ. ಸಣ್ಣದು. ಒಂದಽ ಕಿಟಕಿ."

ನಾನು ಹೋಗಿ ನೋಡಿದೆ. ಕಿಟಕಿ ಮನೆಯ ಇನ್ನೊಂದು ಮಗ್ಗುಲಿಗಿತ್ತು, ಪೆಟ್ಟಿಗೆಯಿಂದ ದೂರ. ನನಗೆ ಬಹಳ ಖುಷಿಯಾಯಿತು. "ಮಸ್ತ್ ಆತು. ಮಷೀನು ಮ್ಯಾಲೆ ಇರೋತನಕ ಇಲ್ಲಿ ಹಚ್ಚರಿ, ಸಾಕು" ಎಂದೆ.

"ಆತ್ರಿ. ಅದರಾಗೇನೈತಿ" ಎಂದರು.

ನಾನೇನು ತಿಳಿಯದವನಲ್ಲ. ಮುಚ್ಚಿದ ಕೋಣೆಯ ಕಟ್ಟಿಗೆ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಆಶಾ ಕಾರ್ಯಕರ್ತೆಯರಿಗೆ ಚಿತ್ರ ತೋರಿಸಿ ಪಾಠ ಮಾಡಿದವನೇ ನಾನು. ಆದರೆ ಆ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದು ಹಾಳೆ ಒಂದೇ. ಮುಂದಿನ ವಾರದಿಂದ ಹಾಳೆಗಳು ಸರಿಹೋದವು. ಹೊಗೆ ಎಲ್ಲಿ ಹೋಯಿತೆಂದು ನಾನು ಕೇಳಿಕೊಳ್ಳಲಿಲ್ಲ. ಹಾಳೆ ಬದಲಿಸಲು ಹೋದಾಗಲೆಲ್ಲ ಅವರು ಆ ಕೋಣೆಯಿಂದ ಕಣ್ಣು ಒರೆಸಿಕೊಳ್ಳುತ್ತ ಬಂದು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇಡುತ್ತಿದ್ದರು. ನಾನು ಚಪ್ಪರಿಸಿ ತಿನ್ನುತ್ತಿದ್ದೆ. ಕೆಮ್ಮುತ್ತಿದ್ದರೇ? ಕೆಮ್ಮುತ್ತಿದ್ದರು. ಹಿಟ್ಟಿನ ದೂಳಿಗೆ ಇರಬಹುದು ಎಂದುಕೊಂಡೆ. ದೂಳಿನ ಮೂಲ ಹುಡುಕುವುದೇ ಹೊಟ್ಟೆಪಾಡಾದವನು ಹಾಗೆ ಅಂದುಕೊಂಡೆ.

ವರದಿ ಚೆನ್ನಾಗಿ ಬಂತು. "ಯಂತ್ರದ ಆಸುಪಾಸಿನಲ್ಲಿ ಒಲೆಯ ಹೊಗೆಯ ಪ್ರಭಾವವಿರಲಿಲ್ಲ" ಎಂದು ಬರೆದೆ. ಸುಳ್ಳಲ್ಲ. ನಾನು ಬರೆದ ನಿಜಗಳಲ್ಲಿ ನನಗೆ ನಾಚಿಕೆ ತರುವುದು ಅದೊಂದೇ.

ಕೊನೆಯ ಹಾಳೆ ತೆಗೆಯಲು ಹೋದ ದಿನ ಅವರು ಯಾವುದೋ ಮದುವೆಗೆಂದು ತೆಕ್ಕಲಕೋಟೆಗೆ ಹೋಗಿದ್ದರು. ಯಜಮಾನರು ಗಿರಣಿಯಲ್ಲಿದ್ದರು. ಪಕ್ಕದ ಮನೆಯವರಿಂದ ಏಣಿ ಕೇಳಿ ಹತ್ತಿ, ಹಾಳೆ ತೆಗೆದುಕೊಂಡು, ಸ್ವಿಚ್ಚು ಆರಿಸಿ ಇಳಿದೆ. ಪೆಟ್ಟಿಗೆ ಭಾರ, ಜೀಪು ಸಿಕ್ಕಿರಲಿಲ್ಲ, ಮುಂದಿನ ವಾರ ಒಯ್ದರಾಯಿತು ಎಂದುಕೊಂಡೆ. ಮುಂದಿನ ವಾರ ಬೇರೆ ಕೆಲಸ ಹೆಗಲೇರಿತು. ಒಂದು ಫೋನು ಮಾಡಿ "ಮುಗೀತ್ರಿ ಅಕ್ಕಾರ" ಎನ್ನಬಹುದಿತ್ತು. ಅರ್ಧ ನಿಮಿಷದ ಮಾತು. ನೆನಪೇ ಆಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ನಮ್ಮ ಕಚೇರಿಯಲ್ಲಿ ಸಾಮಾನುಗಳ ತಪಾಸಣೆ ಬಂತು. ಒಂದು ಪೆಟ್ಟಿಗೆ ಕಡಿಮೆ. ಆಗ ನೆನಪಾಯಿತು, ಅದೂ ಪೆಟ್ಟಿಗೆಯ ನೆನಪು. ಜೀಪು ತೆಗೆದುಕೊಂಡು ಹೋದೆ.

ಹಿತ್ತಲ ತಗಡಿನಡಿ ಒಲೆಯ ಗುರುತೂ ಇರಲಿಲ್ಲ, ಕುರಿ ಕಟ್ಟಿದ್ದರು. ಅಕ್ಕಾರು ಕಟ್ಟಿಗೆಯ ಕೋಣೆಯಿಂದ ಹೊರಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಮಾತಾಡುವ ಮುಂಚೆ ಉಸಿರು ಕೂಡಿಸಿಕೊಳ್ಳಬೇಕಾಯಿತು. ಅವರ ಬೆನ್ನ ಹಿಂದೆ ಗೋಡೆ, ಸೂರು, ಬಲ್ಬು ಎಲ್ಲ ಕಪ್ಪು.

"ಬರ್ರಿ ಸಾರ, ಎಷ್ಟ್ ದಿನಾತು! ನಿಮ್ಮ ಮಷೀನು ಹಂಗಽ ಐತ್ರಿ. ಮಳಿ ಬಂದಾಗ ಗೊಬ್ಬರದ ಚೀಲ ಹೊಚ್ಚೀನಿ."

"ಒಲಿ ಇನ್ನೂ ಒಳಗ ಐತೇನ್ರಿ?"

"ನೀವಽ ಹೇಳಿದ್ರಲ್ರಿ, ಮಷೀನು ಮ್ಯಾಲೆ ಇರೋತನಕ ಅಂತ."

ನಾನು ತಲೆಯೆತ್ತಿ ಮಾಳಿಗೆಯ ಕಡೆ ನೋಡಿದೆ. ಅವರು ನಗುನಗುತ್ತಲೇ ಹೇಳಿದರು: ಬಳ್ಳಾರಿಯ ದೊಡ್ಡ ಡಾಕ್ಟರು ಎದೆ ಪರೀಕ್ಷೆ ಮಾಡಿ, ನೀ ಬೀಡಿ ಸೇದ್ತೀಯೇನವ್ವಾ ಎಂದು ಕೇಳಿದರಂತೆ. "ಬೀಡಿ ಅಂತ್ರಿ ಸಾರ! ನಮ್ಮ ಮನಿಯವರಽ ಸೇದಂಗಿಲ್ಲ." ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಗೂಡಿನಿಂದ ಉಸಿರಿನ ಪಂಪು ತೆಗೆದು ಎರಡು ಸಲ ಎಳೆದುಕೊಂಡ ಮೇಲೆಯೇ ಅವರಿಗೆ ಕೂರಲು ಆದದ್ದು.

ನಾನು ಮಾಳಿಗೆ ಹತ್ತಿದೆ. ಚೀಲವನ್ನು ಅಂಚು ಮಡಚಿ, ಹಗ್ಗದಿಂದ ಕಟ್ಟಿದ್ದರು. ಒಳಗೆ ಪಂಪಿನ ಬಾಯಿಗೆ ಕಣಜ ಗೂಡು ಕಟ್ಟಿತ್ತು. ಈ ಮಣ್ಣುಗೂಡಿಗೆ ಹೊಗೆ ಬಡಿಯಬಾರದೆಂದು ಒಬ್ಬ ಹೆಂಗಸು ಎರಡು ವರ್ಷ ಹೊಗೆ ಕುಡಿದಿದ್ದಾಳೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಹೇಳಿಬಿಡಬೇಕು, ಇದು ಎಂದೋ ನಿಂತಿತ್ತು, ನಾನು ಮರೆತೆ, ತಪ್ಪಾಯಿತು ಎನ್ನಬೇಕು ಎಂದುಕೊಂಡೇ ಇಳಿದೆ.

"ಕೆಲಸ ಮುಗೀತೇನ್ರಿ?" ಎಂದರು.

"ಇವತ್ತಿಗೆ ಮುಗೀತ್ರಿ ಅಕ್ಕಾರ" ಎಂದೆ. ನನ್ನ ಬಾಯಿಂದ ಅದೇ ಬಂತು.

"ಹಂಗಾರ ನಾಳಿಂದ ಹೊರಗ ಹಚ್ಚಲೇನು?"

ತಮ್ಮ ಮನೆಯ ಒಲೆಯನ್ನು ತಮ್ಮ ಹಿತ್ತಲಲ್ಲಿ ಹಚ್ಚಲು ನನ್ನ ಅಪ್ಪಣೆ ಕೇಳಿದರು. ಹಚ್ಚರಿ ಎಂದೆ. ಗ್ಯಾಸ್ ಮೇಲೆ ಮಾಡಲು ಆದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದೆ, ದೊಡ್ಡ ಉಪಕಾರಿಯ ಹಾಗೆ. ಪೆಟ್ಟಿಗೆ ಜೀಪಿಗೆ ಹಾಕಿಸಿಕೊಂಡು ಬಳ್ಳಾರಿಗೆ ಬಂದು ತಪಾಸಣೆಯವರ ಮುಂದೆ ಇಟ್ಟೆ. ಲೆಕ್ಕ ಸರಿಯಾಯಿತೆಂದು ಅವರು ಸಹಿ ಹಾಕಿದರು.

ಹೋದ ತಿಂಗಳು ಧೈರ್ಯ ಮಾಡಿ ಫೋನು ಹಚ್ಚಿದೆ. ಈ ಸಲ ಹೇಳಿಯೇ ಹೇಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನ್ನ ದನಿ ಕೇಳಿದ್ದೇ ಅವರೇ ಶುರು ಮಾಡಿದರು.

"ನಿಮಗ ಪುಣ್ಯ ಬರ್ಲಿ ಸಾರ. ನೀವು ಬಂದು ಹೇಳಿ ಹೋದ ಮ್ಯಾಲೆ ಹೊರಗ ಹಚ್ಚಾಕತ್ತೀನಿ, ಸ್ವಲ್ಪ ಉಸುರು ಆಡಾಕತ್ತೈತಿ. ಪೂರಾ ಹೋಗಂಗಿಲ್ಲ ಅಂದಾರ ಡಾಕ್ಟ್ರು. ಆದ್ರೂ ನಿಮ್ಮಿಂದ ಇಷ್ಟರ ಆತಲ್ರಿ."

"ಇರ್ಲಿ ಬಿಡ್ರಿ ಅಕ್ಕಾರ" ಎಂದು ಫೋನು ಇಟ್ಟೆ.